ನಂಬರ್ ಇಳಿಸದ ಚಿಕಿತ್ಸೆ

ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಅನ್ನುವ ಒಂದು ಖಾನೆ ಇರುತ್ತದೆ, ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದರೆ ಬೇಕಾಗುವ ನಂಬರ್ ಅದು. ಪಿಯುಸಿ ಓದುವಾಗ ನನ್ನ ಬಲಗಣ್ಣಿನ ಆ ಖಾನೆಯಲ್ಲಿ 1.25 ಇತ್ತು. ಡಿಗ್ರಿ ಮುಗಿಯುವ ಹೊತ್ತಿಗೆ 4.50 ಆಗಿತ್ತು. ಪಕ್ಕದಲ್ಲಿ ಆಕ್ಸಿಸ್ ಅಂತ ಇನ್ನೊಂದು ಅಂಕಿ ಇರುತ್ತದಲ್ಲ, ಅದೂ ಪ್ರತಿ ಸಲ ಬೇರೆ ಬರುತ್ತಿತ್ತು. ನಮ್ಮೂರು ಬ್ಯಾಡಗಿ. ಅಲ್ಲಿ ನಾವು ಹೋಗುತ್ತಿದ್ದ ಅಂಗಡಿಯವರು ಒಳ್ಳೆಯವರೇ. ಆದರೆ ನಂಬರ್ ಯಾಕೆ ಹೀಗೆ ಓಡುತ್ತಿದೆ ಅಂತ ಅವರು ಒಮ್ಮೆಯೂ ಕೇಳಲಿಲ್ಲ. "ಮೊಬೈಲ್ ಕಡಿಮಿ ನೋಡಪಾ" ಅಂದು ಹೊಸ ಗಾಜು ಹಾಕಿ ಕೊಡುತ್ತಿದ್ದರು.

ಹೊಸ ಗಾಜು ಬಂದಾಗ ಒಂದೆರಡು ತಿಂಗಳು ಪರವಾಗಿಲ್ಲ ಅನ್ನಿಸುತ್ತಿತ್ತು. ಆಮೇಲೆ ಮತ್ತೆ ಅದೇ ಪಾಡು. ಅಕ್ಷರ ಮಂಜಾಗುವುದು ಒಂದು ಕಡೆ. ಅದಕ್ಕಿಂತ ಕಾಟ ಕೊಟ್ಟಿದ್ದು ನೆರಳು. ಪ್ರತಿ ಅಕ್ಷರದ ಕೆಳಗೆ ಅದರದೇ ಇನ್ನೊಂದು ನೆರಳು ಇಳಿದಿರುತ್ತಿತ್ತು. ಕನ್ನಡದಲ್ಲಿ ಇದು ದೊಡ್ಡ ತಲೆನೋವು. ಕೆಳಗಿರುವುದು ಒತ್ತಕ್ಷರವೋ ನೆರಳೋ ಗೊತ್ತಾಗುವುದಿಲ್ಲ. 'ಹಳಿ' ಅಂತ ಇದ್ದರೂ 'ಹಳ್ಳಿ' ಅಂತಲೇ ಓದಿಕೊಳ್ಳುತ್ತಿದ್ದೆ. ರಾತ್ರಿ ಧಾರವಾಡದಲ್ಲಿ ಚಿಗರಿ ಬಸ್ಸಿಗೆ ನಿಂತರೆ, ಬರುವ ಬಸ್ಸಿನ ದೀಪಗಳೆಲ್ಲ ಕೆಳಮುಖವಾಗಿ ಬಾಲ ಬಿಟ್ಟುಕೊಂಡು ಬರುತ್ತಿದ್ದವು. ಎಲ್ಲರಿಗೂ ಹಾಗೇ ಕಾಣುತ್ತದೆ ಅಂತ ಅಂದುಕೊಂಡಿದ್ದೆ. ಬೇರೆಯವರ ಕಣ್ಣಿಂದ ನಾವು ಯಾವತ್ತೂ ನೋಡಿರುವುದಿಲ್ಲ, ಅಲ್ವಾ?

ಡಿಗ್ರಿ ಆದ ಮೇಲೆ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿದೆ. ಕೋಚಿಂಗ್ ಹುಡುಗರ ಏರಿಯಾ ಅದು. ಪಿಎಸ್‌ಐ ಆಗುವ ಆಸೆ ಇತ್ತು. ಪೊಲೀಸ್ ಕೆಲಸಕ್ಕೆ ದೃಷ್ಟಿಯ ಪರೀಕ್ಷೆಯೂ ಇರುತ್ತದೆ. "ಲೇಸಿಕ್ ಮಾಡಿಸ್ಕೊಂಡ್ ಬಿಡಲೇ, ಒಂದ್ ದಿನದ ಕೆಲಸ" ಅಂದ ರೂಮ್‌ಮೇಟ್. ಹಾಗೆ ನಾನು ಹುಬ್ಬಳ್ಳಿಯ ಒಂದು ಕಣ್ಣಾಸ್ಪತ್ರೆಗೆ ಹೋಗಿದ್ದು ಕಾಯಿಲೆ ತೋರಿಸಿಕೊಳ್ಳಲು ಅಲ್ಲ, ಕನ್ನಡಕ ತೆಗೆಸಲು.

ಅಲ್ಲಿ ಮೊದಲು ನೋಡಿದವರು ಒಬ್ಬ ಹುಡುಗಿ, ಆಪ್ಟೊಮೆಟ್ರಿಸ್ಟ್. ಕತ್ತಲೆ ಕೋಣೆಯಲ್ಲಿ ಕೂರಿಸಿ, ಉದ್ದನೆಯ ಟಾರ್ಚಿನಂಥ ಉಪಕರಣದಿಂದ ಬೆಳಕಿನ ಗೆರೆ ಆಡಿಸಿ ನೋಡುತ್ತಿದ್ದಳು. ಬಲಗಣ್ಣಿಗೆ ಬಂದಾಗ ನಿಲ್ಲಿಸಿ, ಇನ್ನೊಮ್ಮೆ ಆಡಿಸಿ, ಎದ್ದು ಹೋಗಿ ಸೀನಿಯರ್ ಒಬ್ಬರನ್ನು ಕರೆದುಕೊಂಡು ಬಂದಳು. ಕಣ್ಣೊಳಗಿನಿಂದ ತಿರುಗಿ ಬರುವ ಬೆಳಕು ಒಂದೇ ಪಟ್ಟಿಯಾಗಿ ಸರಿಯಬೇಕಂತೆ. ನನ್ನದು ಕತ್ತರಿಯ ಎರಡು ಅಲಗು ತೆರೆದು ಮುಚ್ಚಿದ ಹಾಗೆ ಆಡುತ್ತಿತ್ತು. ಆಮೇಲೆ ಟೋಪೋಗ್ರಫಿ, ಅಂದರೆ ಕಣ್ಣಿನ ಮುಂಭಾಗದ ಆಕಾರದ ನಕ್ಷೆ ತೆಗೆಯುವುದು. ಗಲ್ಲ ಊರಿ ಕೂತರೆ ಮುಂದೆ ಒಂದು ಬೆಳಕು, ಅದರ ಸುತ್ತ ಕ್ಯಾಮೆರಾ ತಿರುಗುತ್ತದೆ. ಕೆಲವೇ ಸೆಕೆಂಡು, ನೋವೇನಿಲ್ಲ, ಕಣ್ಣು ಪಿಳುಕಿಸದೆ ಇರಬೇಕು ಅಷ್ಟೇ. ಸಾಫ್ಟ್ ಲೆನ್ಸ್ ಹಾಕುವವರು ಈ ಪರೀಕ್ಷೆಗೆ ಒಂದೆರಡು ವಾರ ಮೊದಲೇ ಲೆನ್ಸ್ ಬಿಟ್ಟಿರಬೇಕು, ಗಟ್ಟಿ ಲೆನ್ಸಿನವರು ಇನ್ನೂ ಜಾಸ್ತಿ ದಿನ. ಇಲ್ಲದಿದ್ದರೆ ಲೆನ್ಸ್ ಒತ್ತಿದ ಆಕಾರವೇ ನಕ್ಷೆಯಲ್ಲಿ ಬರುತ್ತದೆ.

ಬಂದ ನಕ್ಷೆಯಲ್ಲಿ ಬಲಗಣ್ಣಿನ ನಡುವಿನಿಂದ ಸ್ವಲ್ಪ ಕೆಳಗೆ ಕೆಂಪು ಮಚ್ಚೆ ಇತ್ತು. ಕೆಂಪು ಅಂದರೆ ಜಾಸ್ತಿ ಉಬ್ಬಿದ ಜಾಗ. ಎಡಗಣ್ಣಿನಲ್ಲಿ ಅದೇ ಜಾಗದಲ್ಲಿ ಕಿತ್ತಳೆ ಬಣ್ಣ.

"ಲೇಸಿಕ್ ಸುದ್ದೀನ ಬಿಟ್ಟುಬಿಡ್ರಿ" ಅಂದರು ಕಾರ್ನಿಯಾ ನೋಡುವ ಡಾಕ್ಟರ್ ಮೇಡಂ. "ನಿಮಗ ಕೆರಟೋಕೋನಸ್ ಅದ."

ಕಾರ್ನಿಯಾ ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ. ಅದು ಸರಿಸುಮಾರು ಅರ್ಧ ಮಿಲಿಮೀಟರ್ ದಪ್ಪ. ಸಾಮಾನ್ಯವಾಗಿ ನಡುವೆ 540 ಮೈಕ್ರಾನ್ ಆಸುಪಾಸು ಇರುತ್ತದೆ. ಈ ಕಾಯಿಲೆಯಲ್ಲಿ ಅದು ತೆಳ್ಳಗಾಗಿ, ಮುಂದಕ್ಕೆ ಕೋನ್ ಆಕಾರದಲ್ಲಿ ಉಬ್ಬುತ್ತದೆ. ಉಬ್ಬು ಒಂದೇ ಸಮ ಇರುವುದಿಲ್ಲ. ಅದಕ್ಕೇ ಯಾವ ಕನ್ನಡಕ ಹಾಕಿದರೂ ಪೂರ್ತಿ ಸರಿ ಕಾಣುವುದಿಲ್ಲ. ಬಾಗುವಿಕೆಯನ್ನು ಡಯಾಪ್ಟರ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯ ಕಣ್ಣಿಗೆ 43, 44 ಇರುತ್ತದೆ. ನನ್ನ ಬಲಗಣ್ಣಿನ ಅತಿ ಉಬ್ಬಿದ ಜಾಗದಲ್ಲಿ 52.6 ಇತ್ತು. ಅತಿ ತೆಳು ಜಾಗ 462 ಮೈಕ್ರಾನ್. ಲೇಸಿಕ್‌ನಲ್ಲಿ ಇದೇ ಪದರವನ್ನು ಲೇಸರ್‌ನಿಂದ ಇನ್ನಷ್ಟು ಸವೆಸುತ್ತಾರೆ. ತೆಳುವಾದ ಕಣ್ಣಿಗೆ ಅದನ್ನು ಮಾಡಿದರೆ ಉಬ್ಬು ಇನ್ನೂ ಜೋರಾಗಿ ಓಡುತ್ತದೆ. ಕನ್ನಡಕ ತೆಗೆಸಲು ಹೋದವರಿಗೇ ಈ ಕಾಯಿಲೆ ಗೊತ್ತಾಗುವುದು ಬಹಳ ಸಾಮಾನ್ಯವಂತೆ.

"ಕಣ್ಣ ತಿಕ್ಕತೀರೇನು?" ಅಂತ ಕೇಳಿದರು. ಬ್ಯಾಡಗಿಯವನಿಗೆ ಕೇಳುವ ಪ್ರಶ್ನೆಯೇ ಅದು! ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರು. ನಮ್ಮ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಜಗತ್ತೆಲ್ಲ ಹೊಗಳುತ್ತದೆ. ಆದರೆ ಸೀಜನ್‌ನಲ್ಲಿ ಮಾರ್ಕೆಟ್ ಯಾರ್ಡಿನೊಳಗೆ ಕಾಲಿಟ್ಟು ನೋಡಬೇಕು. ಕಡಿಮೆ ಖಾರವೇ ಸೀನಿಸಿ ಸೀನಿಸಿ ಸಾಕು ಮಾಡುತ್ತದೆ. ಅದರ ಮೇಲೆ ನನಗೆ ಸಣ್ಣವನಿದ್ದಾಗಿನಿಂದ ಕಣ್ಣಿನ ಅಲರ್ಜಿ. ಮುಂಗೈ ಗೆಣ್ಣಿನಿಂದ ಗಸಗಸ ಉಜ್ಜುವುದು ನಿದ್ದೆಯಲ್ಲೂ ನಿಂತಿರಲಿಲ್ಲ. ಮೆಣಸಿನ ಧೂಳಿನಿಂದಲೇ ಈ ಕಾಯಿಲೆ ಬಂತು ಅಂತ ಡಾಕ್ಟರ್ ಹೇಳಲಿಲ್ಲ. ಮನೆತನದಲ್ಲಿ ಬರುವುದೂ ಉಂಟು. ಆದರೆ ಅಲರ್ಜಿ ಇದ್ದು ಕಣ್ಣು ಉಜ್ಜುವವರಲ್ಲಿ ಇದು ಜಾಸ್ತಿ, ಉಜ್ಜಿದಷ್ಟೂ ಮುಂದೆ ಓಡುತ್ತದೆ ಅಂದರು. ಚಿಕಿತ್ಸೆ ಅಂತ ಮೊದಲು ಬರೆದುಕೊಟ್ಟಿದ್ದು ಅಲರ್ಜಿ ಡ್ರಾಪ್ಸ್. ಜೊತೆಗೆ ಒಂದು ಆರ್ಡರ್: ಕೈ ಕಣ್ಣಿಗೆ ಹೋಗಬಾರದು.

ಆಮೇಲೆ ಕ್ರಾಸ್‌ಲಿಂಕಿಂಗ್ ಮಾತು ಬಂತು, ಕಾಯಿಲೆಯ ಓಟ ನಿಲ್ಲಿಸುವ ಚಿಕಿತ್ಸೆ ಅದು. ಆಸ್ಪತ್ರೆಯಲ್ಲಿ ಎಲ್ಲರೂ ಇದಕ್ಕೆ ಸಿ3ಆರ್ ಅನ್ನುತ್ತಾರೆ. ಕಾಯಿಲೆ ಮುಂದುವರಿಯುತ್ತಿದೆ ಅಂತ ಖಾತ್ರಿ ಆದರೆ ಮಾಡುತ್ತಾರೆ. ಹಳೆಯ ರಿಪೋರ್ಟ್ ಇಲ್ಲದವರಿಗೆ ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ನಕ್ಷೆ ತೆಗೆದು ಹೋಲಿಸಿ ನೋಡುವುದುಂಟು. ನನ್ನ ಹತ್ತಿರ ರಿಪೋರ್ಟ್ ಇರಲಿಲ್ಲ, ಆದರೆ ಅಪ್ಪ ಇದ್ದರು. ಅಂಗಡಿಯಲ್ಲಿ ಬಿಲ್ಲು ಚುಚ್ಚುವ ತಂತಿ ಇರುತ್ತದಲ್ಲ, ಮನೆಯಲ್ಲೂ ಅಂಥದ್ದೊಂದು ಇಟ್ಟಿದ್ದಾರೆ. ಕರೆಂಟ್ ಬಿಲ್, ಗ್ಯಾಸ್ ಚೀಟಿಗಳ ನಡುವೆ ನನ್ನ ಕನ್ನಡಕದ ಎಲ್ಲ ಚೀಟಿಗಳೂ ತಾರೀಖಿನ ಸಮೇತ ಸಿಕ್ಕವು. ಮೇಡಂ ಅವನ್ನು ಮೇಜಿನ ಮೇಲೆ ಸಾಲಾಗಿ ಹರಡಿ ನೋಡಿ, "ಇನ್ನ ಕಾಯೂದು ಬ್ಯಾಡ" ಅಂದರು. ನಂಬರ್ ಪದೇಪದೇ ಬದಲಾಗುವವರು ಯಾರೇ ಇರಲಿ, ಚೀಟಿ ಬಿಸಾಡಬೇಡಿ.

ನನಗೊಂದು ಅನುಮಾನ ಇತ್ತು. ವಯಸ್ಸಾದ ಹಾಗೆ ಈ ಕಾಯಿಲೆ ತಾನಾಗೇ ನಿಧಾನ ಆಗುತ್ತದೆ ಅಂತ ಕೇಳಿದ್ದೆ. ಅದು ನಿಜವೇ. ಕಾರ್ನಿಯಾದೊಳಗಿನ ಕೊಲಾಜೆನ್ ಎಳೆಗಳ ನಡುವೆ ವಯಸ್ಸಿನ ಜೊತೆ ಬೆಸುಗೆಗಳು ಹೆಚ್ಚಾಗಿ ಪದರ ಬಿಗಿಯಾಗುತ್ತದೆ. 30, 40 ದಾಟಿದವರಲ್ಲಿ ಕಾಯಿಲೆಯ ಓಟ ಕಡಿಮೆ. ನನಗೆ ಆಗ 22. ಅಲ್ಲಿಯತನಕ ದಪ್ಪ ಉಳಿಯಬೇಕಲ್ಲ? ಕ್ರಾಸ್‌ಲಿಂಕಿಂಗ್ ಮಾಡುವುದೂ ಅದೇ ಬೆಸುಗೆ ಕೆಲಸ, ಆದರೆ ಬೇಗ. ರೈಬೋಫ್ಲೇವಿನ್ ಅಂದರೆ ವಿಟಮಿನ್ ಬಿ2. ಅದರ ಹನಿಯನ್ನು ಕಾರ್ನಿಯಾಕ್ಕೆ ಇಂಗಿಸಿ, ಮೇಲಿಂದ ಯುವಿ-ಎ ಕಿರಣ ಬಿಡುತ್ತಾರೆ. ಆಮ್ಲಜನಕವೂ ಸೇರಿ ಅಲ್ಲಿ ನಡೆಯುವ ಕ್ರಿಯೆಯಿಂದ ಎಳೆಗಳ ನಡುವೆ ಹೊಸ ಬೆಸುಗೆ ಬೀಳುತ್ತದೆ. ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಇದನ್ನು ಕಂಡುಹಿಡಿದರು. ರೋಗಿಗಳ ಮೇಲೆ ಮಾಡಿದ ಮೊದಲ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಅದಕ್ಕೂ ಎಷ್ಟೋ ವರ್ಷ ಮೊದಲೇ ನಮ್ಮ ದೇಶದಲ್ಲಿ ಮಾಡುತ್ತಿದ್ದರು.

ಇಲ್ಲಿ 400 ಅನ್ನುವ ಸಂಖ್ಯೆ ಮುಖ್ಯ. ಕಾರ್ನಿಯಾದ ಮೇಲಿನ ತೆಳು ಚರ್ಮ ಸುಮಾರು 50 ಮೈಕ್ರಾನ್. ಅದನ್ನು ಕೆರೆದು ತೆಗೆದ ಮೇಲೂ ಕನಿಷ್ಠ 400 ಮೈಕ್ರಾನ್ ಉಳಿದಿರಬೇಕು. ಇಲ್ಲದಿದ್ದರೆ ಕಿರಣ ಒಳಗಿನ ಪದರದ ಜೀವಕೋಶಗಳಿಗೆ ಹಾನಿ ಮಾಡಬಹುದು. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ನನ್ನದು 462. ಕಳೆದರೆ 412. ಅಷ್ಟೇ ಅಂಚು. ಇದಕ್ಕಿಂತ ತೆಳುವಾದವರಿಗೆ ಕಾರ್ನಿಯಾವನ್ನು ನೀರು ಹಿಡಿಸಿ ಉಬ್ಬಿಸುವ ಬೇರೆ ಹನಿ ಹಾಕಿ ಮಾಡುವ ದಾರಿಗಳೂ ಇವೆ. ಆದರೆ ನೇರ ದಾರಿ ಇದ್ದಾಗಲೇ ಹೋಗುವುದು ಒಳ್ಳೆಯದಲ್ವಾ?

ಮನೆಯಲ್ಲಿ ಎಲ್ಲರನ್ನೂ ತಡೆದ ಪ್ರಶ್ನೆ ಬೇರೆಯೇ ಇತ್ತು. ಕಾಕಾ ನೇರವಾಗಿ ಕೇಳಿದರು, "ಚಸ್ಮಾ ಹೋಗೂದಿಲ್ಲ, ನಂಬರ್ ಇಳಿಯೂದಿಲ್ಲ, ಈಗ ಕಂಡಷ್ಟ ಕಾಣತದ. ಹಂಗಾರ 25,000 ರೂಪಾಯಿ ಯಾತಕ್ಕ?" ಒಂದು ಕಣ್ಣಿಗೆ ಹತ್ತಿರಹತ್ತಿರ ಅಷ್ಟು ಹೇಳಿದ್ದರು. ಕಾಕಾ ಕೇಳಿದ್ದು ತಪ್ಪಲ್ಲ. ಮೋತಿಬಿಂದು ಆಪರೇಷನ್ ಆದವರು ಮರುದಿನವೇ ಕಣ್ಣು ಕಂಡಿತು ಅಂತ ಓಡಾಡುವುದನ್ನು ನೋಡಿದವರು ಅವರು. ಮಾಡಿಸಿದ ಮೇಲೂ ಏನೂ ಬದಲಾಗಬಾರದು, ಬದಲಾಗದಿದ್ದರೇ ಗೆದ್ದ ಹಾಗೆ ಅನ್ನುವ ಚಿಕಿತ್ಸೆಯನ್ನು ಹೇಗೆ ಒಪ್ಪಿಸುವುದು? ನಾನು ಆಸ್ಪತ್ರೆಯ ಹಾಳೆ ತೆಗೆದು ಏನೇನೋ ವಿವರಿಸುತ್ತಿದ್ದೆ. ಅಪ್ಪ ನಡುವೆ ಬಾಯಿ ಹಾಕಿದರು. "ಮಳಿಗಾಲಕ್ಕ ಚೀಲದ ಮ್ಯಾಲೆ ತಾಡಪತ್ರಿ ಹಾಕಸ್ತೇವಿ. ಅದರಿಂದ ಕಾಯಿ ಜಾಸ್ತಿ ಆಗ್ತಾವನು?" ಕಾಕಾ ಸುಮ್ಮನಾದರು. ಅವರೇ ಐದು ಸಾವಿರ ಕೊಟ್ಟರು ಕೂಡ.

2023ರ ಜನವರಿಯಲ್ಲಿ ಬಲಗಣ್ಣಿಗೆ ದಿನ ಗೊತ್ತಾಯಿತು. ಮೇಡಂ ಕೇಳಿದರು, "ಮುಗಿದ ಮ್ಯಾಲೆ ಎಲ್ಲಿರತೀರಿ?" ಬ್ಯಾಡಗಿ ಅಂದೆ. "ಈಗ ಸೀಜನ್ ಅಲ್ಲೇನ್ರಿ? ಬ್ಯಾಡ. ಗಾಯದ ಮ್ಯಾಲೆ ಹಾಕೂ ಲೆನ್ಸ್ ತೆಗಿಯೂತನಕ ಊರಿಗೆ ಹೋಗಬ್ಯಾಡ್ರಿ." ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಚಿಗವ್ವನ ಮನೆ ಇತ್ತು, ಅಲ್ಲಿಗೆ ಅವ್ವನೇ ಬಂದಳು.

ಇದು ಹೊಟ್ಟೆ ಕೊಯ್ಯುವಂಥ ಆಪರೇಷನ್ ಅಲ್ಲ. ಇಂಜೆಕ್ಷನ್ ಇಲ್ಲ, ಹೊಲಿಗೆ ಇಲ್ಲ. ಒಪ್ಪಿಗೆ ಪತ್ರದಲ್ಲಿ ಮಾತ್ರ ಹೆದರಿಸುವಷ್ಟು ಸಾಲುಗಳಿದ್ದವು. ಸೋಂಕು, ಕಲೆ ಉಳಿಯುವುದು, ಗಾಯ ತಡವಾಗಿ ಮಾಯುವುದು, ಇಷ್ಟಾದರೂ ಕಾಯಿಲೆ ಮುಂದುವರಿಯುವುದು. ಹಿಂದೆ ಕಣ್ಣಿಗೆ ಹರ್ಪಿಸ್ ಸೋಂಕು ಆಗಿತ್ತಾ ಅಂತ ಬಿಡಿಸಿ ಕೇಳಿದರು. ಈ ಚಿಕಿತ್ಸೆಯಿಂದ ಅದು ಮತ್ತೆ ಕೆರಳಬಹುದಂತೆ.

ಮರಗಟ್ಟಿಸುವ ಡ್ರಾಪ್ಸ್ ಹಾಕಿ ಮಲಗಿಸಿದರು. ಮುಖದ ಮೇಲೆ ಹಸಿರು ಬಟ್ಟೆ, ರೆಪ್ಪೆ ಮುಚ್ಚದಂತೆ ಒಂದು ತಂತಿಯ ಕ್ಲಿಪ್. ಮನಸ್ಸಿಗೆ ಕಷ್ಟ ಆಗಿದ್ದು ಆ ಕ್ಲಿಪ್ಪೇ. ಕಣ್ಣು ಮುಚ್ಚುತ್ತಿದ್ದೇನೆ ಅಂತ ಅನ್ನಿಸುತ್ತದೆ, ಆದರೆ ಮುಚ್ಚಿರುವುದಿಲ್ಲ. ಆಮೇಲೆ ಮೊಂಡಾದ ಒಂದು ಉಪಕರಣದಿಂದ ಮೇಲಿನ ಚರ್ಮ ಕೆರೆದರು. ನೋವಿಲ್ಲ. ಏನೋ ಆಡುತ್ತಿರುವುದು ಮಾತ್ರ ಗೊತ್ತಾಗುತ್ತದೆ, ಮೇಲಿನ ದೀಪ ಕಲಸಿ ಹೋಗುತ್ತದೆ. ನಂತರ ಹಳದಿ ಹನಿ. ಎರಡೆರಡು ನಿಮಿಷಕ್ಕೆ ಒಂದು, ಅರ್ಧ ಗಂಟೆ. ಕೆನ್ನೆ ಮೇಲೆ ಹರಿದು ಕಿವಿಯೊಳಗೆ ಹೋಗುತ್ತಿತ್ತು. ಸಿಸ್ಟರ್ ಒರೆಸುತ್ತಾ, "ಊಟ ಆಗೇತೇನು? ಯಾವ ಪರೀಕ್ಷಾಕ್ಕ ಓದಾಕತ್ತೀರಿ?" ಅಂತ ಮಾತಾಡಿಸುತ್ತಿದ್ದರು. ತಲೆ ಅಲ್ಲಾಡಿಸದೆ ಉತ್ತರ ಕೊಡುವುದು ಒಂದು ಕಲೆ. ನಡುವೆ ಒಮ್ಮೆ ದಪ್ಪ ಅಳೆದರು. "ನಾಕ್ನೂರಾ ಹದಿನೈದು" ಅಂತ ಯಾರೋ ಓದಿದ್ದು ಕೇಳಿ ನನ್ನ ಎದೆ ಹಗುರಾಯಿತು.

ಮುಂದಿನ ಅರ್ಧ ಗಂಟೆ ಕಿರಣ. ನೀಲಿ-ನೇರಳೆ ಬೆಳಕಿನ ಕಡೆಗೇ ನೋಡುತ್ತಿರಬೇಕು. ಹಳದಿ ಹನಿ ಆಗಲೂ ಬೀಳುತ್ತಲೇ ಇರುತ್ತದೆ. ಬೆಸುಗೆಗೆ ಬೇಕಾದ ಆ ಹನಿಯೇ ಕಿರಣವನ್ನು ಹೀರಿಕೊಂಡು ಕಣ್ಣಿನ ಒಳಭಾಗ ಕಾಯುತ್ತದೆ ಅನ್ನುವುದು ನನಗೆ ತುಂಬಾ ಹಿಡಿಸಿತು. ಕೊನೆಗೆ ತಣ್ಣನೆಯ ದ್ರಾವಣದಿಂದ ಕಣ್ಣು ತೊಳೆದು, ಮೆತ್ತನೆಯ ಬ್ಯಾಂಡೇಜ್ ಲೆನ್ಸ್ ಕೂರಿಸಿ, ಕಪ್ಪು ಕನ್ನಡಕ ಹಾಕಿ ಕಳಿಸಿದರು. ಆಟೋದಲ್ಲಿ ನಾನು ಅವ್ವನಿಗೆ "ಏನೂ ಅನಸಲಿಲ್ಲ ಬೇ" ಅಂದೆ.

ಮರಗಟ್ಟಿಸಿದ್ದು ಇಳಿಯುವತನಕ ಆ ಮಾತು ನಿಜ.

ಸಂಜೆ ಆರರ ಹೊತ್ತಿಗೆ ಶುರುವಾಯಿತು. ಕಣ್ಣಿನಲ್ಲಿ ಉಸುಕು ಹೊಕ್ಕು, ಅದನ್ನೇ ಯಾರೋ ಅರೆಯುತ್ತಿದ್ದಾರೆ ಅನ್ನುವಂಥ ನೋವು. ನೀರು ಧಾರಾಕಾರ. ಬಲಗಣ್ಣಿನ ಜೊತೆ ಎಡಗಣ್ಣೂ ತೆರೆಯಲು ಬರುವುದಿಲ್ಲ. ಒಂದನ್ನು ತೆರೆದರೆ ಇನ್ನೊಂದೂ ತೆರೆಯಲು ನೋಡುತ್ತದೆ, ಬೆಳಕು ಚುಚ್ಚುತ್ತದೆ. ಮೂಗು ಸೋರುತ್ತದೆ. ಡ್ರಾಪ್ಸ್ ಗಂಟಲಿಗಿಳಿದು ಬಾಯಿ ಕಹಿಯಾಗುತ್ತದೆ. ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತು ಮಂಪರು. ಥಿಯೇಟರಿನಲ್ಲಿ ಹಾಕಿದ ಆ ಮರಗಟ್ಟಿಸುವ ಹನಿಯನ್ನೇ ಮನೆಗೆ ಕೊಡಬಾರದಾ ಅಂತ ಫೋನ್ ಮಾಡಿಸಿ ಕೇಳಿಸಿದೆ. ಕೊಡುವುದಿಲ್ಲವಂತೆ. ಮೇಲೆ ಮೇಲೆ ಹಾಕಿದರೆ ಗಾಯ ಮಾಯುವುದೇ ಇಲ್ಲ. ರಾತ್ರಿ ಚಿಗವ್ವ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದಳು. ಘಾಟಿಗೆ ನಾನು ಕೆಮ್ಮಿ, ಸೀನಿ, ಕಿರುಚಿದೆ. ಅಷ್ಟು ದೂರ ಬಂದು ತಪ್ಪಿಸಿಕೊಂಡ ಬ್ಯಾಡಗಿ ಒಲೆಯ ಮೇಲೇ ಇತ್ತು. ಆಮೇಲೆ ನಾನಿರುವತನಕ ಆ ಮನೆಯಲ್ಲಿ ಮೊಸರನ್ನ, ಬೇಳೆಕಟ್ಟು. ಚಿಗವ್ವನ ಮಕ್ಕಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಮಾಡಿಸಿಕೊಳ್ಳುವವರಿಗೆ ಇಷ್ಟು ಹೇಳಬಲ್ಲೆ. ಮೊದಲ ರಾತ್ರಿ ಮತ್ತು ಮರುದಿನ ಕೆಟ್ಟದ್ದು. ಆಮೇಲೆ ನೋವು ಬೇಗ ಇಳಿಯುತ್ತದೆ. ನೋವಿನ ಮಾತ್ರೆಯನ್ನು ನೋವು ಏರುವ ಮೊದಲೇ ತಗೊಳ್ಳಿ. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿಸಿ. ಡ್ರಾಪ್ಸ್ ಹಾಕಲು ಯಾರಾದರೂ ಜೊತೆಗಿರಲಿ, ಆ ದಿನಗಳಲ್ಲಿ ನಮ್ಮ ಕೈಯಿಂದ ಆಗುವುದಿಲ್ಲ. ತಲೆಗೆ ನೀರು ಹಾಕಿಕೊಳ್ಳಬಾರದು. ಎರಡು, ಮೂರು ದಿನದ ನಂತರ ನೋವು ಇಳಿಯುವ ಬದಲು ಏರಿದರೆ, ಕಣ್ಣು ಕೆಂಪಾಗಿ ಕೀವು ಬಂದರೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಗಾಯ ತೆರೆದಿರುವಾಗ ಸೋಂಕಿನ ಭಯವೇ ದೊಡ್ಡದು.

ಚರ್ಮ ಮಾಯ್ದ ಮೇಲೆ ಲೆನ್ಸ್ ತೆಗೆದರು. ಸಾಮಾನ್ಯವಾಗಿ ಒಂದು ವಾರದೊಳಗೆ ಇದು ಆಗುತ್ತದೆ. ಆದರೆ ನೋಟ? ಮೊದಲಿಗಿಂತ ಕೆಟ್ಟಿತ್ತು! ಹಾಲು ತುಂಬಿದ ಗಾಜಿನ ಹಿಂದಿನಿಂದ ನೋಡಿದ ಹಾಗೆ. ಇದನ್ನು ಹೇಜ್ ಅನ್ನುತ್ತಾರೆ, ಬರುವುದು ಸಾಮಾನ್ಯ, ತಿಂಗಳುಗಳ ಮೇಲೆ ತಿಳಿಯಾಗುತ್ತದೆ ಅಂತ ಮೊದಲೇ ಹೇಳಿದ್ದರು. ಹೇಳಿದ್ದರೂ ಹೊಟ್ಟೆಯಲ್ಲಿ ಸಂಕಟ ಆಗದೇ ಇರುವುದಿಲ್ಲ. ಸ್ಟೀರಾಯ್ಡ್ ಡ್ರಾಪ್ಸ್ ನಿಧಾನಕ್ಕೆ ಕಡಿಮೆ ಮಾಡುತ್ತಾ ಬಂದರು. ಆ ಹನಿಯಿಂದ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ಅದಕ್ಕೇ ಹೋದಾಗಲೆಲ್ಲ ಒತ್ತಡ ಅಳೆಯುತ್ತಿದ್ದರು. ನನ್ನ ಜೊತೆ ಓದುತ್ತಿದ್ದವರು ಆ ಬೇಸಿಗೆಯಲ್ಲಿ ಸಿಲಬಸ್ ಮುಗಿಸಿದರು. ನಾನು ರೆಕಾರ್ಡಿಂಗ್ ಹಾಕಿಕೊಂಡು ಇತಿಹಾಸ ಕೇಳಿಸಿಕೊಂಡೆ.

ಮೊದಲ ಕೆಲವು ತಿಂಗಳ ನಕ್ಷೆ ನೋಡಿ ತೀರ್ಪು ಕೊಡಬಾರದು. ನನ್ನದರಲ್ಲಿ 53.1 ಬಂದಿತ್ತು, ಅಂದರೆ ಹೆಚ್ಚಾಗಿತ್ತು. ಆ ರಾತ್ರಿ ರೂಮಿನಲ್ಲಿ ಯಾರ ಜೊತೆಯೂ ಮಾತಾಡಲಿಲ್ಲ. ಆರು ತಿಂಗಳಿಗೆ 52.4 ಆಯಿತು. ವರ್ಷಕ್ಕೆ 51.7. ಮೇಡಂ ಎರಡು ನಕ್ಷೆ ಪಕ್ಕಪಕ್ಕ ಇಟ್ಟು, "ನಿಂತದ" ಅಂದರು. ಕೆಲವರಿಗೆ ಹೀಗೆ ಒಂದೆರಡು ಡಯಾಪ್ಟರ್ ಇಳಿಯುವುದೂ ಇದೆ, ಆದರೆ ಅದನ್ನು ಲಾಭ ಅಂತ ಲೆಕ್ಕ ಹಾಕಿಕೊಂಡು ಯಾರೂ ಬರಬಾರದು ಅನ್ನುವುದು ಅವರ ಮಾತು. ನನ್ನ ಅಭಿಪ್ರಾಯವೂ ಅದೇ. ನಂಬರ್ ಇಳಿಯುತ್ತದೆ ಅಂತ ಆಸೆ ಹುಟ್ಟಿಸಿ ಮಾಡಿಸುವವರು ಸಿಕ್ಕರೆ ಎದ್ದು ಬನ್ನಿ.

ಎಡಗಣ್ಣನ್ನು ಸುಮ್ನೆ ನೋಡುತ್ತಾ ಇದ್ದರು. ಅದರಲ್ಲೂ ಕಾಯಿಲೆ ಸ್ವಲ್ಪ ಮುಂದುವರಿಯಿತು, ಮುಂದಿನ ವರ್ಷ ಅದಕ್ಕೂ ಮಾಡಿದರು. ಈ ಸಲ ಕಿರಣ ಹತ್ತೇ ನಿಮಿಷ. ಮೊದಲ ಸಲ 3 ಮಿಲಿವ್ಯಾಟ್‌ನಂತೆ 30 ನಿಮಿಷ, ಈಗ 9 ಮಿಲಿವ್ಯಾಟ್‌ನಂತೆ 10 ನಿಮಿಷ. ಗುಣಿಸಿ ನೋಡಿದರೆ ಚದರ ಸೆಂಟಿಮೀಟರಿಗೆ ಎರಡರಲ್ಲೂ 5.4 ಜೂಲ್. ಹಾಗಾದರೆ ಇನ್ನೂ ಜೋರು ಮಾಡಿ ಒಂದೇ ನಿಮಿಷದಲ್ಲಿ ಮುಗಿಸಬಹುದಲ್ಲ ಅಂತ ಕೇಳಿದೆ. ಬೆಸುಗೆಗೆ ಆಮ್ಲಜನಕ ಬೇಕು, ಕಿರಣ ಜೋರಾದಷ್ಟೂ ಅದು ಬೇಗ ಖಾಲಿಯಾಗುತ್ತದೆ, ಗುಣಾಕಾರ ಒಂದೇ ಸಾಲದು ಅಂದರು. ನೋವಿನಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಿಗಲಿಲ್ಲ. ಚರ್ಮ ಕೆರೆಯುವುದು ಎರಡಕ್ಕೂ ಒಂದೇ. ಚಿಗವ್ವ ಈ ಸಲ ಮೊದಲೇ ಮಕ್ಕಳನ್ನು ಅಜ್ಜಿಯ ಮನೆಗೆ ಕಳಿಸಿದ್ದಳು.

ನೋಟ ಸುಧಾರಿಸಿದ್ದು ಲೆನ್ಸಿನಿಂದ. ಬಲಗಣ್ಣಿಗೆ ಗಟ್ಟಿ ಲೆನ್ಸ್, ಆರ್‌ಜಿಪಿ ಅನ್ನುತ್ತಾರೆ. ಅದು ಕಾರ್ನಿಯಾದ ಮುಂದೆ ಕೂರುತ್ತದೆ, ನಡುವಿನ ಸಂದಿಯಲ್ಲಿ ಕಣ್ಣೀರು ತುಂಬಿ ಉಬ್ಬುತಗ್ಗು ಮುಚ್ಚಿಹೋಗುತ್ತದೆ. ಪೂರ್ತಿ ಸರಿ ಕಂಡರೆ 6/6 ಅನ್ನುತ್ತಾರೆ. ಕನ್ನಡಕದಲ್ಲಿ 6/24 ಕಾಣುತ್ತಿದ್ದ ಕಣ್ಣು ಲೆನ್ಸ್ ಹಾಕಿದ ಕೂಡಲೇ 6/9 ಓದಿತು. ಟ್ರಯಲ್ ಲೆನ್ಸ್ ಹಾಕಿಕೊಂಡು ಹೊರಗೆ ಬಂದು ಎದುರಿನ ಮೆಡಿಕಲ್ ಶಾಪಿನ ಬೋರ್ಡ್ ಓದಿದೆ. ಒತ್ತಕ್ಷರ ಒತ್ತಕ್ಷರವಾಗಿಯೇ ಇತ್ತು, ನೆರಳಿರಲಿಲ್ಲ. ಆದರೆ ಇದರ ಜೊತೆ ಬಾಳುವುದು ಸುಲಭ ಅಲ್ಲ. ಧಾರವಾಡದ ರಸ್ತೆಯ ಒಂದು ಕಣ ಧೂಳು ಅದರ ಹಿಂದೆ ಸೇರಿದರೆ ನಡುರಸ್ತೆಯಲ್ಲೇ ಅಳುತ್ತಾ ನಿಲ್ಲಬೇಕು. ಅಂಥವರಿಗೆ ಸ್ಕ್ಲೀರಲ್ ಅಂತ ದೊಡ್ಡ ಲೆನ್ಸ್ ಇದೆ, ಕಣ್ಣಿನ ಬಿಳಿಭಾಗದ ಮೇಲೆ ಕೂರುತ್ತದೆ, ಧೂಳು ಕಡಿಮೆ ಹೋಗುತ್ತದೆ. ಬೆಲೆ ಕೇಳಿ ಸದ್ಯಕ್ಕೆ ಬೇಡ ಅಂದೆ.

ಪಿಎಸ್‌ಐ ಆಸೆ ಬಿಟ್ಟೆ. ಈಗ ಎಫ್‌ಡಿಎ, ಪಿಡಿಒ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ವರ್ಷಕ್ಕೊಮ್ಮೆ ಎರಡೂ ಕಣ್ಣಿನ ನಕ್ಷೆ ತೆಗೆಸಬೇಕು. ಒಮ್ಮೆ ನಿಂತ ಕಾಯಿಲೆ ಅಪರೂಪಕ್ಕೆ ಮತ್ತೆ ಮುಂದುವರಿಯುವುದುಂಟು, ಅದರಲ್ಲೂ ಕಣ್ಣು ಉಜ್ಜುವವರಿಗೆ.

ಮನೆಯಲ್ಲಿ ಒಬ್ಬರಿಗಿದ್ದರೆ ಒಡಹುಟ್ಟಿದವರನ್ನೂ ಪರೀಕ್ಷೆ ಮಾಡಿಸಿ ಅಂತ ಹೇಳಿದ್ದರು. ತಮ್ಮ ಹತ್ತನೇ ಕ್ಲಾಸು, ಕನ್ನಡಕವೇ ಇಲ್ಲ. "ನನಗ್ಯಾಕ ಬೇಕು" ಅಂತ ಹಟ ಮಾಡಿದವನನ್ನು ಹುಬ್ಬಳ್ಳಿಯ ಗಿರ್ಮಿಟ್ಟು, ಮಿರ್ಚಿಯ ಆಸೆ ತೋರಿಸಿ ಕರೆದುಕೊಂಡು ಹೋದೆ. ನಕ್ಷೆ ಸರಿಯಾಗಿಯೇ ಬಂತು, ದಪ್ಪ 531. ಆದರೆ ರೆಪ್ಪೆ ಮಗುಚಿ ನೋಡಿ ಅಲರ್ಜಿ ಇದೆ ಅಂದರು, ಡ್ರಾಪ್ಸ್ ಬರೆದುಕೊಟ್ಟರು. ಮುಂದಿನ ಜೂನ್‌ಗೆ ಮತ್ತೆ ಕರೆದುಕೊಂಡು ಬರಲು ಹೇಳಿದ್ದಾರೆ. ಅವನ ಮೊದಲ ರಿಪೋರ್ಟ್ ಅಪ್ಪನ ತಂತಿಗೆ ಸೇರಿದೆ.